ಗೋಪೀವಿಲಾಸದ ಎರಡಾಣೆ ಬಿಲ್ಲೆ

ಎರಡೂ ಕೈ ಚಾಚಿ ತಟ್ಟೆಯನ್ನು ಮಡಿಲಿಗೆ ಇಳಿಸಿಕೊಂಡ ಮೇಲೆಯೇ ಬದರೀನಾರಾಯಣರಿಗೆ ತಾವು ಮಗಳ ಮದುವೆ ಮಾತು ಮುಗಿಸಿಬಿಟ್ಟೆವು ಎಂಬುದು ಹೊಳೆದದ್ದು. ಅದಕ್ಕೆ ಮುಂಚೆ ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಚಾಮರಾಜಪೇಟೆಯ ಆ ನಡುಮನೆಯಲ್ಲಿ ಎದುರಿಗೆ ಗಂಡಿನ ತಂದೆ, ಅವರ ಪಕ್ಕದಲ್ಲಿ ಗಂಡು, ನಡುವೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಎಲ್‌ಕೆಜಿ ಮಗುವಿಗೂ ಅರ್ಥವಾಗುವ ಸನ್ನಿವೇಶ. ಆದರೆ ಇನ್ಶೂರೆನ್ಸ್ ಆಫೀಸಿನಲ್ಲಿ ಜೀವಮಾನವೆಲ್ಲ ಇನ್ನೊಬ್ಬರ ಸಹಿ ಪರೀಕ್ಷೆ ಮಾಡಿ ನಿವೃತ್ತರಾದ ಬದರೀನಾರಾಯಣರು ಆ ಹೊತ್ತಿಗೆ ಹೆಣ್ಣಿನ ತಂದೆಯೂ ಆಗಿರಲಿಲ್ಲ, ಏನೂ ಆಗಿರಲಿಲ್ಲ. ಬರೀ ಎರಡು ಕಣ್ಣಾಗಿದ್ದರು. ಆ ಕಣ್ಣು ಎಲೆಯ ಮೇಲೆ ಕೂತಿದ್ದ ಒಂದು ಹಿತ್ತಾಳೆ ಬಿಲ್ಲೆಯ ಮೇಲಿತ್ತು.

ಬಿಲ್ಲೆಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಎರಡನೇ ಮಹಾಯುದ್ಧದ ನಡುವೆ ಊರಲ್ಲಿ ಚಿಲ್ಲರೆ ಮಾಯವಾಯಿತು. ಲೋಹ ಯುದ್ಧಕ್ಕೆ ಹೋಯಿತು, ಉಳಿದ ಕಾಸನ್ನು ಜನ ಮಡಕೆಯಲ್ಲಿ ಬಚ್ಚಿಟ್ಟರು. ಕಾಫಿ ಕುಡಿದವನು ರೂಪಾಯಿ ಕೊಟ್ಟರೆ ಹೋಟೆಲಿನವನ ಬಳಿ ವಾಪಸು ಕೊಡಲು ಏನೂ ಇಲ್ಲ. ಕೆಲವರು ರಟ್ಟಿನ ಚೂರಿಗೆ ಮೊಹರು ಒತ್ತಿ ಕೊಟ್ಟರು, ಕೆಲವರು ಅಂಚೆಚೀಟಿ ಕೊಟ್ಟರು, ಅನುಕೂಲ ಇದ್ದವರು ತಮ್ಮದೇ ಹೆಸರಿನಲ್ಲಿ ಬಿಲ್ಲೆ ಹೊಡೆಸಿದರು. ಚಾಮರಾಜಪೇಟೆಯ ಗೋಪೀವಿಲಾಸ ಕಾಫಿ ಕ್ಲಬ್ಬಿನ ಯಜಮಾನರು ಮನೆಯ ಹಳೇ ಹಿತ್ತಾಳೆ ಹರಿವಾಣಗಳನ್ನು ಕತ್ತರಿಸಿ ಕಾಲಾಣೆ, ಅರ್ಧಾಣೆ, ಒಂದಾಣೆ, ಎರಡಾಣೆಯ ಬಿಲ್ಲೆ ಮಾಡಿಸಿದರು. ಬಿಲ್ಲೆ ತಂದವರಿಗೆ ಅಷ್ಟಕ್ಕೆ ತಿಂಡಿ. ಆ ಮನುಷ್ಯನ ಮೇಲೆ ನಂಬಿಕೆ ಎಷ್ಟಿತ್ತೆಂದರೆ ಬೀದಿಯ ಹೂವಿನವಳೂ ಎಲೆ ಅಡಿಕೆಯವನೂ ಅದನ್ನು ಕಾಸಿನ ಹಾಗೆಯೇ ತೆಗೆದುಕೊಳ್ಳುತ್ತಿದ್ದರು. ಯುದ್ಧ ಮುಗಿದು ಚಿಲ್ಲರೆ ಬಂದ ಮೇಲೆ ಯಜಮಾನರು ಬಿಲ್ಲೆಗಳನ್ನೆಲ್ಲ ವಾಪಸು ಪಡೆದು ಕರಗಿಸಿದರು. ತಪ್ಪಿಸಿಕೊಂಡವು ಮಾತ್ರ ಉಳಿದವು.

ಇಂಥ ಬಿಲ್ಲೆಗಳನ್ನು ಹುಡುಕುವುದೇ ಬದರೀನಾರಾಯಣರ ಹುಚ್ಚು. ರಾಜರ ಚಿನ್ನದ ನಾಣ್ಯ ತೋರಿಸಿದರೆ ಆಕಳಿಸುವವರು, ಯಾವುದೋ ಸೀಮೆಎಣ್ಣೆ ಅಂಗಡಿಯ ತುಕ್ಕು ಬಿಲ್ಲೆ ಕಂಡರೆ ಮೈಯೆಲ್ಲ ಕಣ್ಣಾಗುವರು. ತ್ಯಾಗರಾಜನಗರದ ಅವರ ಮನೆಯ ಬೀರುವಿನಲ್ಲಿ ಗೋಪೀವಿಲಾಸದ ಕಾಲಾಣೆ, ಅರ್ಧಾಣೆ, ಒಂದಾಣೆ ಇದ್ದವು. ಎರಡಾಣೆಯದು ಊರಿಗೆಲ್ಲ ಗೊತ್ತಿದ್ದ ಮಟ್ಟಿಗೆ ಒಂದೇ ಒಂದು, ಅದು ಯಜಮಾನರ ಮೊಮ್ಮಗ ಶೀನಣ್ಣನವರ ದೇವರ ಪೆಟ್ಟಿಗೆಯಲ್ಲಿ. ಹರೆಯದಿಂದ ಹಿಡಿದು ತಲೆ ನರೆಯುವವರೆಗೆ ಬದರೀನಾರಾಯಣರು ಆ ಮನೆಯ ಬಾಗಿಲು ತಟ್ಟಿದ್ದು ಅದೆಷ್ಟು ಸಲವೋ. ಶೀನಣ್ಣ ಪ್ರತಿ ಸಲವೂ ಕಾಫಿ ಕೊಟ್ಟು, "ಅದು ಮಾರೋದಲ್ಲ ಬದರಿಯವರೇ, ತೋರ್ಸೋದೂ ಅಲ್ಲ" ಅನ್ನುತ್ತಿದ್ದರು. ಕಾಫಿ ಚೆನ್ನಾಗಿರುತ್ತಿತ್ತು. ಇವರು ಹೊಟ್ಟೆ ಉರಿದುಕೊಂಡು ವಾಪಸಾಗುತ್ತಿದ್ದರು.

ಹೀಗಿರುವಾಗ ಎನ್.ಆರ್. ಕಾಲೋನಿಯಲ್ಲಿದ್ದ ಅವರ ಅಕ್ಕ ಜಾನಕಮ್ಮ ಒಂದು ಸಂಬಂಧ ತಂದರು. ಬದರೀನಾರಾಯಣರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಮೈತ್ರೇಯಿಯ ಮದುವೆಯ ಚಿಂತೆಯನ್ನು ಜಾನಕಮ್ಮನವರೇ ಹೊತ್ತುಕೊಂಡಿದ್ದರು. ಹುಡುಗ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಹೆಸರು ಆತ್ರೇಯ, ಶೀನಣ್ಣನವರ ಮಗ. ಹೆಸರು ಕೇಳುತ್ತಲೇ ಬದರೀನಾರಾಯಣರು ಕೂತಲ್ಲೇ ನೆಟ್ಟಗಾದರು. ಮೈತ್ರೇಯಿ ಫಿಸಿಯೋಥೆರಪಿಸ್ಟು, ದಿನವೆಲ್ಲ ಜನರ ಮಂಡಿ ನೆಟ್ಟಗೆ ಮಾಡಿ ಮಾಡಿ ಅವಳ ಮಾತೂ ಅಷ್ಟೇ ನೇರವಾಗಿತ್ತು. ಅವಳು ಆತ್ರೇಯನನ್ನು ಹೊರಗೆ ಕಾಫಿಗೆ ಕರೆದು ಒಂದೆರಡು ಸಲ ಮಾತಾಡಿದಳು. ಆಮೇಲೆ ಅಪ್ಪನಿಗೆ ಹೇಳಿದಳು: "ಒಳ್ಳೆಯವ್ನೇ. ಆದ್ರೆ ನಂಗಿನ್ನೂ ಟೈಮ್ ಬೇಕು. ಅತ್ತೆ ಜೊತೆ ನೀವು ಹೋಗಿ ಬನ್ನಿ, ಮನೆ ಮಂದೀನ ನೋಡ್ಕೊಂಡು ಬನ್ನಿ. ಮಾತು ಮಾತ್ರ ಕೊಡ್ಬೇಡಿ. ಹೂಂ ಅನ್ನೋದಿದ್ರೆ ನಾನೇ ಹೇಳ್ತೀನಿ."

"ಛೇ, ಅಷ್ಟೂ ಗೊತ್ತಾಗಲ್ವೇನೇ ನಂಗೆ?" ಅಂದಿದ್ದರು ಬದರೀನಾರಾಯಣರು.

ಹೋದರು, ಕೂತರು, ಕೇಸರಿಭಾತ್ ತಿಂದರು. ಶೀನಣ್ಣನವರ ತಾಯಿ ಪಾರ್ವತಮ್ಮ, ತೊಂಬತ್ತು ದಾಟಿದ ಜೀವ, ಗೋಡೆ ಹಿಡಿದುಕೊಂಡು ದೇವರ ಮನೆಗೆ ಹೋಗಿ ಒಂದು ತಟ್ಟೆ ತಂದು ಮಗನ ಕೈಗೆ ಕೊಟ್ಟರು. ಶೀನಣ್ಣ ಅದನ್ನು ಮುಂದೆ ಹಿಡಿದು ಬಹಳ ಮರ್ಯಾದೆಯಿಂದಲೇ ಹೇಳಿದರು: "ನಮಗೆಲ್ಲ ಒಪ್ಪಿಗೆ. ನಿಮ್ಮನೇಲೂ ಒಪ್ಪಿಗೆ ಅಂದ್ರೆ ತಾಂಬೂಲ ತಗೊಳ್ಳಿ. ಇಲ್ಲಾ, ಮಗೂನ ಇನ್ನೊಂದ್ಸಲ ಕೇಳ್ಕೊಂಡು ಬರ್ತೀವಿ ಅಂದ್ರೂ ಏನೂ ಬೇಜಾರಿಲ್ಲ."

ಬಾಗಿಲು ಹಾರುಹೊಡೆದಿತ್ತು. ಹೊರಗೆ ಹೋಗುವುದಕ್ಕೆ ದಾರಿಯನ್ನು ಅವರೇ ಬಾಯಿಬಿಟ್ಟು ತೋರಿಸಿದ್ದರು. ಆದರೆ ಅಷ್ಟು ಹೊತ್ತಿಗೆ ಬದರೀನಾರಾಯಣರು ಬಿಲ್ಲೆಯ ಅಂಚಿನಲ್ಲಿ 'ಗೋಪೀ'ವರೆಗೆ ಓದಿದ್ದರು. 'ವಿಲಾಸ' ಓದಬೇಕಾದರೆ ತಟ್ಟೆ ಇನ್ನು ಸ್ವಲ್ಪ ಹತ್ತಿರ ಬರಬೇಕಿತ್ತು. ಶೀನಣ್ಣನ ಮಾತು ಅವರಿಗೆ ಕೇಳಿಸಿತು, ಬಸ್‌ ಸ್ಟ್ಯಾಂಡಿನಲ್ಲಿ ಬೇರೆ ಊರಿನ ಬಸ್ಸಿನ ಘೋಷಣೆ ಕೇಳಿಸುವಷ್ಟು. ಕೈ ಚಾಚಿದರು.

ಜಾನಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆತ್ರೇಯ ಎದ್ದು ಬಂದು ಬದರೀನಾರಾಯಣರ ಕಾಲಿಗೆ ನಮಸ್ಕಾರ ಮಾಡಿದ. ಶೀನಣ್ಣ "ಬೀಗರೇ!" ಅಂದು ಎರಡೂ ಕೈ ಹಿಡಿದುಕೊಂಡರು. ಆ ಒಂದು ಮಾತು ಕಿವಿಗೆ ಬಿದ್ದಾಗಲೇ ಬದರೀನಾರಾಯಣರಿಗೆ ಮಡಿಲಲ್ಲಿದ್ದ ತಟ್ಟೆ ಏನೆಂದು ಹೊಳೆದದ್ದು.

ಪಾರ್ವತಮ್ಮ ಹತ್ತಿರ ಬಂದು ಕೂತು ಬಿಲ್ಲೆಯ ಮೇಲೆ ಬೆರಳಿಟ್ಟರು. "ನನ್ನ ನಿಶ್ಚಯದ ದಿನ ತಾಂಬೂಲದಲ್ಲಿ ಇಡೋಕೆ ಒಂದು ಬೆಳ್ಳಿ ರೂಪಾಯಿಗೆ ಹುಡುಕಾಡಿದ್ರಂತೆ ಕಣಪ್ಪ. ಇಡೀ ಪೇಟೇಲಿ ಸಿಗ್ಲಿಲ್ಲ. ನಮ್ಮ ಮಾವನೋರು ಗಲ್ಲಾಪೆಟ್ಟಿಗೆಯಿಂದ ಈ ಬಿಲ್ಲೆ ತಂದು ಎಲೆ ಮೇಲಿಟ್ಟು, 'ಊರು ಇದನ್ನ ನಂಬತ್ತೆ, ನೀವೂ ನಂಬಿ, ಇದು ನನ್ನ ಮಾತು' ಅಂದ್ರು. ಮದುವೆಯಾಗಿ ಬರೋವಾಗ ನಾನೇ ಇದನ್ನ ಸೆರಗಲ್ಲಿ ಕಟ್ಕೊಂಡು ಬಂದೆ. ಶೀನನ ಹೆಂಡ್ತಿ, ಪುಣ್ಯಾತ್ಗಿತ್ತಿ ಈಗಿಲ್ಲ, ಅವಳೂ ಹಾಗೇ ತಂದ್ಲು. ಇದು ಹೆಣ್ಣಿನ ಮನೆಗೆ ಹೋಗಿ ಸೊಸೆ ಜೊತೇಲಿ ವಾಪಸು ಬರತ್ತೆ. ನಿಮ್ಮ ಮೈತ್ರೇಯಿ ಮೂರನೆಯವಳು."

ಅಂದರೆ ಬಿಲ್ಲೆ ಇವರದಲ್ಲ. ಮದುವೆ ನಡೆದರೆ ಮಗಳ ಸೆರಗಿನ ಜೊತೆ ಬಿಲ್ಲೆಯೂ ಹೋಗುತ್ತದೆ. ನಡೆಯದಿದ್ದರೆ ಕೊಟ್ಟು ಕೈಮುಗಿಯಬೇಕಾಗುತ್ತದೆ. ಮುಟ್ಟಿದ್ದಕ್ಕೆ ಮಗಳಿಗೆ ಕೊಟ್ಟ ಮಾತು ಹೋಯಿತು, ಬಿಲ್ಲೆಯೂ ದಕ್ಕಲಿಲ್ಲ. ಬದರೀನಾರಾಯಣರಿಗೆ ಅಡಕತ್ತರಿಯಲ್ಲಿ ಬೆರಳು ಸಿಕ್ಕಿಕೊಂಡ ಹಾಗಾಯಿತು. ಆದರೂ, ಸತ್ಯ ಹೇಳಬೇಕಾದರೆ, ಬಿಲ್ಲೆಯನ್ನು ತಿರುಗಿಸಿ ಹಿಂದುಗಡೆ ನೋಡುವುದನ್ನು ಅವರು ಬಿಡಲಿಲ್ಲ.

ಆಟೋದಲ್ಲಿ ಜಾನಕಮ್ಮನ ಬಾಯಿ ನಿಲ್ಲಲಿಲ್ಲ. "ಮೈತ್ರೇಯಿ ಒಪ್ಪಿದ್ದು ನಂಗೊಂದು ಮಾತು ಹೇಳ್ಲಿಲ್ವಲ್ಲೋ ಬದರಿ! ನೀನು ಹಾಗೆ ಸರಕ್ ಅಂತ ಕೈ ಚಾಚಿದಾಗ್ಲೇ ನಂಗೆ ಗೊತ್ತಾಗಿದ್ದು."

ಹೇಳಲು ಅದೇ ಸರಿಯಾದ ಹೊತ್ತು. 'ಅಕ್ಕ, ತಪ್ಪಾಯ್ತು, ಆಟೋ ತಿರುಗಿಸು' ಅಂದಿದ್ದರೆ ಅರ್ಧ ಗಂಟೆಯ ಅವಮಾನದಲ್ಲಿ ಮುಗಿಯುತ್ತಿತ್ತು. ಬದರೀನಾರಾಯಣರು "ಹೇಳ್ಬೇಕು ಅಂತಾನೇ ಇದ್ದೆ ಅಕ್ಕ" ಅಂದರು. ತಟ್ಟೆ ಮಡಿಲಲ್ಲಿತ್ತು, ಬೆರಳು ಬಿಲ್ಲೆಯ ಮೇಲಿತ್ತು. "ಮೈತ್ರೇಯಿಗೆ ನೀನಾಗಿ ಫೋನ್ ಮಾಡ್ಬೇಡ, ಅವಳಿಗೆ ನಾಚಿಕೆ" ಎಂದು ಸೇರಿಸಿದರು. ಮೈತ್ರೇಯಿ ನಾಚಿಕೊಂಡಿದ್ದನ್ನು ಈ ಲೋಕದಲ್ಲಿ ಯಾರೂ ನೋಡಿದವರಿಲ್ಲ, ಆದರೂ ಜಾನಕಮ್ಮ ನಂಬಿದರು.

ಮನೆಯಲ್ಲಿ ಮೈತ್ರೇಯಿ ಕೇಳಿದಳು: "ಹೇಗಿದ್ರು? ನೀವೇನೂ ಹೇಳಿಲ್ಲ ತಾನೇ?"

"ನಾನು ಬಾಯೇ ಬಿಡ್ಲಿಲ್ಲ," ಅಂದರು. ಅದಂತೂ ನಿಜವೇ. ಅವಳ ಕಣ್ಣು ತಪ್ಪಿಸಿ ತಾಂಬೂಲದ ತೆಂಗಿನಕಾಯಿಯನ್ನು ದೇವರ ಮನೆಯಲ್ಲಿಟ್ಟರು, ಬಿಲ್ಲೆಯನ್ನು ಬೀರುವಿನಲ್ಲಿಟ್ಟರು.

ಅಲ್ಲಿಂದಾಚೆ ಬದರೀನಾರಾಯಣರಿಗೆ ತಮ್ಮ ಮನೆಯೇ ಇಕ್ಕಟ್ಟಾಯಿತು. ಮೂರು ಕೋಣೆಯ ಮನೆ, ಹಿಂದೆ ಬಾದಾಮಿ ಮರದ ಅಂಗಳ, ಗಾಳಿಗೇನೂ ಕೊರತೆಯಿಲ್ಲ. ಆದರೂ ಎಲ್ಲಿ ಕೂತರೂ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಶೀನಣ್ಣನವರಿಗೆ ಹೇಳೋಣವೆಂದರೆ ಏನೆಂದು ಹೇಳುವುದು? ಒಂದು ಹಿತ್ತಾಳೆ ತುಂಡು ಓದುವ ಆಸೆಗೆ ನಿಮ್ಮ ಮಗನಿಗೆ ನನ್ನ ಮಗಳನ್ನು ಒಪ್ಪಿಸಿದೆ ಅನ್ನುವುದೇ? ಅಕ್ಕನಿಗೆ ಹೇಳೋಣವೆಂದರೆ ಅವರು ಆಗಲೇ ಮೈಸೂರಿನ ನೆಂಟರವರೆಗೆ ಸುದ್ದಿ ಮುಟ್ಟಿಸಿದ್ದರು, ಹುಡುಗಿಯನ್ನು ಈಗಲೇ ಮಾತಾಡಿಸಬೇಡಿ ಎಂಬ ಎಚ್ಚರಿಕೆಯ ಸಮೇತ. ಮಗಳಿಗೆ ಹೇಳುವ ಮಾತಂತೂ ದಿನಾ ನಾಳೆಗೆ ಹೋಗುತ್ತಿತ್ತು. ಇವತ್ತು ಹೇಳುತ್ತೇನೆ ಎಂದು ಏಳುವರು, ಅವಳು ತಿಂಡಿ ತಿನ್ನುತ್ತ ಕ್ಲಿನಿಕ್ಕಿನ ಯಾವುದೋ ತಮಾಷೆ ಹೇಳುವಳು, ಇವರು ನಗುವರು, ಅವಳು ಸ್ಕೂಟರ್ ಹತ್ತುವಳು. ನಿನ್ನೆ ಹೇಳದ್ದು ಇವತ್ತಿಗೆ ಇನ್ನಷ್ಟು ದೊಡ್ಡದಾಗಿರುತ್ತಿತ್ತು.

ಉಳಿದದ್ದು ಒಂದೇ ಆಸೆ: ಮೈತ್ರೇಯಿ ತಾನಾಗಿಯೇ ಹೂಂ ಅಂದುಬಿಟ್ಟರೆ ಯಾವ ತೊಡಕೂ ಇಲ್ಲ. ಅದಕ್ಕಾಗಿ ಬದರೀನಾರಾಯಣರು ದಲ್ಲಾಳಿ ಕೆಲಸಕ್ಕೆ ಇಳಿದರು. ಊಟದ ನಡುವೆ ಇದ್ದಕ್ಕಿದ್ದ ಹಾಗೆ, "ಆತ್ರೇಯ ಕಾಫಿಗೆ ಸಕ್ರೆ ಹಾಕ್ಕೊಳ್ಳಲ್ವಂತೆ, ಎಂಥ ಶಿಸ್ತು ನೋಡು" ಅನ್ನುವರು. ಟೀವಿ ನೋಡುವಾಗ, "ಕೆಮಿಸ್ಟ್ರಿ ಓದಿದೋರಿಗೆ ತಾಳ್ಮೆ ಜಾಸ್ತಿ" ಅನ್ನುವರು. ಮೈತ್ರೇಯಿ ಹುಬ್ಬೇರಿಸಿ, "ಅಪ್ಪ, ನಾನು ಯೋಚ್ನೆ ಮಾಡ್ತಿದೀನಿ. ನೀವು ತಳ್ಳಿದಷ್ಟೂ ನಂಗೆ ಹಿಂದೆ ಹೋಗೋಣ ಅನ್ಸತ್ತೆ" ಅಂದಳು. ಆವತ್ತು ಇವರು ಅನ್ನ ಬಿಟ್ಟು ಎದ್ದರು.

ಅವಳು ಕೆಲಸಕ್ಕೆ ಹೋದ ಮೇಲೆ ಬೀರು ತೆಗೆಯುತ್ತಿದ್ದರು. ಇದನ್ನು ಹೇಳಲು ನಾಚಿಕೆಯಾಗಬೇಕು, ಆದರೆ ನಡೆದದ್ದು ನಡೆದ ಹಾಗೇ ಹೇಳಬೇಕಲ್ಲ. ಬಿಲ್ಲೆಯ ಮುಂಭಾಗದಲ್ಲಿ ಸುತ್ತ ಗೋಪೀವಿಲಾಸ ಎಂದು ಅಕ್ಷರ, ನಡುವೆ ಎರಡಾಣೆ. ಹಿಂದೆ ಏನೂ ಇಲ್ಲ ಎಂದು ನೋಡಿದವರಿಗೆ ಅನ್ನಿಸುತ್ತದೆ. ಭೂತಗನ್ನಡಿ ಇಟ್ಟರೆ ಮಾತ್ರ ಹರಿವಾಣದ ಮೇಲಿದ್ದ ಬಳ್ಳಿಯ ಕೆತ್ತನೆಯಲ್ಲಿ ಒಂದು ಎಲೆ, ಅರ್ಧ ಮೊಗ್ಗು ಕಾಣುತ್ತಿತ್ತು. ಯಾರು ಉಂಡ ಹರಿವಾಣವೋ, ಯಾರು ಕತ್ತರಿ ಹಾಕಿದರೋ. ನೋಡುವಷ್ಟು ಹೊತ್ತು ಬದರೀನಾರಾಯಣರಿಗೆ ಪರಮಸುಖ, ಮುಚ್ಚಿಟ್ಟ ಕೂಡಲೇ ಮಗಳ ಮುಖ ಎದುರಿಗೆ. ಭಾನುವಾರ ಗಾಂಧಿಬಜಾರಿನ ಹೋಟೆಲಿನಲ್ಲಿ ನಾಣ್ಯದ ಗೆಳೆಯರು ಸೇರಿದಾಗ ಒಬ್ಬರು, "ಎರಡಾಣೆ ಏನಾದ್ರೂ ಸಿಕ್ತಾ ಬದರಿ?" ಎಂದು ವಾಡಿಕೆಯ ಪ್ರಶ್ನೆ ಕೇಳಿದರು. "ಇಲ್ಲಪ್ಪ" ಅಂದರು. ಜೀವಮಾನದಲ್ಲಿ ಒಂದು ಬಿಲ್ಲೆಯ ಬಗ್ಗೆ ಅವರು ಸುಳ್ಳಾಡಿದ್ದು ಅದೇ ಮೊದಲು. ಇಷ್ಟು ವರ್ಷ ಕನಸಿನಲ್ಲಿ ಕಂಡದ್ದು ಕೈಗೆ ಬಂದಿದೆ, ಒಬ್ಬರಿಗೂ ತೋರಿಸುವಂತಿಲ್ಲ.

ಆಮೇಲೆ ಛತ್ರ ನೋಡುವ ದಿನ ಬಂತು. ಶೀನಣ್ಣ ಫೋನ್ ಮಾಡಿ, "ಬೀಗರೇ, ನಿಶ್ಚಿತಾರ್ಥಕ್ಕೆ ಒಂದು ಛತ್ರ ಖಾಲಿ ಇದೆಯಂತೆ, ನೀವೂ ಬಂದ್ಬಿಡಿ, ಇಬ್ರೂ ನೋಡಿ ಹೇಳ್ಬಿಡೋಣ" ಅಂದರು. ಆಗದು ಅನ್ನಲು ಬಾಯಿ ಬರಲಿಲ್ಲ. ಆತ್ರೇಯನೂ ಬಂದಿದ್ದ. ಹಗಲು ಹೊತ್ತಿನ ಖಾಲಿ ಛತ್ರ. ಮ್ಯಾನೇಜರು ಒಂದೊಂದೇ ಬಾಗಿಲು ತೆಗೆದು ತೋರಿಸಿ, ಇವರು ಒಳಗೆ ಬಂದ ಮೇಲೆ ಹಿಂದಿನದಕ್ಕೆ ಚಿಲಕ ಹಾಕುತ್ತಿದ್ದ. "ಊಟದ ಹಾಲ್ ಇಷ್ಟು ದೊಡ್ಡದಿದ್ರೆ ಆಗತ್ತಾ ಬೀಗರೇ?" "ಆಗತ್ತೆ." "ಹೆಣ್ಣಿನ ಕಡೆಯವ್ರಿಗೆ ಮೇಲಿನ ರೂಮು ಆಗತ್ತಾ?" "ಆಗತ್ತೆ." ಒಂದೊಂದು 'ಆಗತ್ತೆ'ಗೂ ಹಿಂದೆ ಚಿಲಕದ ಸದ್ದು. ಅಡುಗೆಮನೆಯ ಮಸಿ ಹಿಡಿದ ಗೋಡೆಯ ಮುಂದೆ ನಿಂತಾಗ ಬದರೀನಾರಾಯಣರಿಗೆ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಅತ್ತುಬಿಡಬೇಕು ಅನ್ನಿಸಿತು.

ಹೊರಗೆ ಬಂದಾಗ ಆತ್ರೇಯ ಮೆಲ್ಲಗೆ ಪಕ್ಕಕ್ಕೆ ಬಂದ. "ಅಂಕಲ್, ಮೈತ್ರೇಯಿ ಅವತ್ತಿಂದ ಒಂದು ಮೆಸೇಜೂ ಮಾಡಿಲ್ಲ. ಒಪ್ಕೊಂಡಿದ್ದಾರೆ ಅಂತ ಗೊತ್ತು, ಆದ್ರೂ... ನಾನೇ ಮಾತಾಡ್ಲಾ?"

"ಬೇಡಪ್ಪ, ಈಗ ಬೇಡ," ಅಂದರು ಬದರೀನಾರಾಯಣರು, ಸ್ವಲ್ಪ ಜೋರಾಗಿಯೇ. "ಕೆಲಸ ಜಾಸ್ತಿ ಅವಳಿಗೆ. ನಾನು ಹೇಳ್ತೀನಿ."

ಆತ್ರೇಯ ವಿಧೇಯನಾಗಿ ತಲೆಯಾಡಿಸಿದ. ಆದರೆ ಮದುವೆ ನಿಶ್ಚಯವಾಯಿತೆಂದು ನಂಬಿದ ಹುಡುಗ ಎಷ್ಟೆಂದು ತಡೆದುಕೊಂಡಾನು?

ಸಂಜೆ ಮೈತ್ರೇಯಿ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ನಡುಮನೆಗೆ ಬಂದು ಮೊಬೈಲನ್ನು ಅಪ್ಪನ ಮುಂದೆ ಹಿಡಿದಳು. ಆತ್ರೇಯನ ಮೆಸೇಜು: ನಿಮ್ಮ ತಂದೆ ತಾಂಬೂಲ ತಗೊಂಡ ದಿನದಿಂದ ನೀವೇ ಏನಾದರೂ ಹೇಳುತ್ತೀರ ಅಂತ ಕಾಯುತ್ತಿದ್ದೆ, ನೀವು ಒಪ್ಪಿದ್ದು ನನಗೆ ತುಂಬಾ ಸಂತೋಷ, ಇವತ್ತು ಛತ್ರ ನೋಡಿದೆವು, ಚೆನ್ನಾಗಿದೆ.

"ಯಾವ ತಾಂಬೂಲ ಅಪ್ಪ?"

ಬದರೀನಾರಾಯಣರು ಎದ್ದು ಹೋಗಿ ಬೀರುವಿನಿಂದ ಸಣ್ಣ ಡಬ್ಬಿ ತಂದು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ಹತ್ತಿಯ ಮೇಲೆ ಬಿಲ್ಲೆ ಮಲಗಿತ್ತು. ಮೈತ್ರೇಯಿ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಅದನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಹುಟ್ಟಿದಾಗಿನಿಂದ ಈ ಮನುಷ್ಯನ ಜೊತೆಗೆ ಬದುಕಿದವಳು.

"ಇದಕ್ಕಾ?" ಅಂದಳು.

"ಗೊತ್ತಾಗ್ಲಿಲ್ಲ ಕಣೇ ಮೈತ್ರಿ. ಕೈ ಹೋಗ್ಬಿಡ್ತು. ಆಮೇಲೆ ಹೇಳೋಣ ಹೇಳೋಣ ಅಂತ..."

ಕೂಗಾಡುತ್ತಾಳೆ ಅಂದುಕೊಂಡಿದ್ದರು. ಕೂಗಾಡಿದ್ದರೆ ಹಗುರವಾಗುತ್ತಿತ್ತು. ಅವಳು ಕುರ್ಚಿಯ ಮೇಲೆ ಕೂತು ಚಪ್ಪಲಿ ಬಿಚ್ಚುತ್ತ, "ನಾನು ಹೂಂ ಅಂತಿದ್ದೆನೋ ಏನೋ ಅಪ್ಪ" ಅಂದಳು. "ನಂಗವನು ಇಷ್ಟ ಆಗೋಕೆ ಶುರುವಾಗಿತ್ತು. ಈಗ ಹೂಂ ಅಂದ್ರೆ ಅದು ನೀವು ತಟ್ಟೆ ತಗೊಂಡಿದ್ದಕ್ಕೆ ಅಂದ ಹೂಂ ಆಗತ್ತೆ. ನಂದಲ್ಲ. ಆ ಮನೇಲಿ ಇರೋಷ್ಟು ದಿನಾನೂ ನಂಗೆ ಅದೇ ನೆನಪಾಗ್ತಿರತ್ತೆ. ಆತ್ರೇಯನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಅವನ ತಪ್ಪೇನಿಲ್ಲ. ನೀವು ನಾಳೆ ಹೋಗಿ ಇದನ್ನ ಕೊಟ್ಟು ಬನ್ನಿ."

"ನೀನೂ ಬರ್ತೀಯಾ?"

"ತಗೊಂಡಾಗ ನಾನಿದ್ನಾ?" ಅಂದಳು ಮೈತ್ರೇಯಿ.

ಮಾರನೆಯ ದಿನ ಬದರೀನಾರಾಯಣರು ಒಬ್ಬರೇ ಹೊರಟರು. ತಾಂಬೂಲ ಕೊಡುವ ಕ್ರಮ ಎಲ್ಲರಿಗೂ ಗೊತ್ತು, ವಾಪಸು ಕೊಡುವ ಕ್ರಮ ಯಾರಿಗೆ ಗೊತ್ತು? ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ದಾರಿಯಲ್ಲಿ ಬಾಳೆಹಣ್ಣು ಕೊಂಡರು, ಆಮೇಲೆ ಇದೇನು ಸಂಭ್ರಮವೇ ಅನ್ನಿಸಿ ಹಣ್ಣಿನ ಚೀಲವನ್ನು ಬಸ್‌ ಸ್ಟಾಪಿನಲ್ಲಿ ಕೂತಿದ್ದ ಒಬ್ಬ ಮುದುಕಿಗೆ ಕೊಟ್ಟರು. ಅಕ್ಕನಿಗೆ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದಾಗಿತ್ತು; ಜಾನಕಮ್ಮ ಪೂರ್ತಿ ಕೇಳಿ, "ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲೋ" ಅಂದು ಫೋನ್ ಇಟ್ಟಿದ್ದರು.

ಚಾಮರಾಜಪೇಟೆಯ ಮನೆಗೆ ಸುದ್ದಿ ಆಗಲೇ ಮುಟ್ಟಿತ್ತು. ಆತ್ರೇಯ ಕಾಲೇಜಿಗೆ ಹೋಗಿದ್ದ, ಅಥವಾ ಎದುರಿಗೆ ಸಿಗಬಾರದೆಂದೇ ಹೋಗಿದ್ದ. ಶೀನಣ್ಣ "ಬನ್ನಿ ಸ್ವಾಮಿ" ಅಂದರು. ನಿನ್ನೆಯವರೆಗೆ ಬೀಗರಾಗಿದ್ದವರು ಇವತ್ತು ಬರೀ ಸ್ವಾಮಿ. ಕಾಫಿ ಬರಲಿಲ್ಲ.

"ಅವತ್ತೇ ಕೇಳ್ಕೊಂಡು ಬರ್ತೀವಿ ಅಂದಿದ್ರೆ ಆಗ್ತಿತ್ತಲ್ಲ?" ಅಂದರು ಶೀನಣ್ಣ. "ನಾನೇ ಹೇಳಿದ್ದೆ ನಿಮಗೆ. ನನ್ನ ಮಗ ಎರಡು ದಿನ ಆಯ್ತು ಹೊಸಾ ಷರ್ಟು ತಂದು. ಯಾಕೆ ಹಿಂಗ್ ಮಾಡಿದ್ರಿ?"

ಬದರೀನಾರಾಯಣರಿಗೆ ಬೇಕಾದಷ್ಟು ನೆವಗಳು ಹೊಳೆದಿದ್ದವು, ಬಸ್ಸಿನಲ್ಲಿ ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಆ ಮುಖ ನೋಡಿದ ಮೇಲೆ ಯಾವುದೂ ಬರಲಿಲ್ಲ. "ನನ್ನ ಕಣ್ಣು ಬಿಲ್ಲೆ ಮೇಲಿತ್ತು ಶೀನಣ್ಣ," ಅಂದರು. "ನೀವು ಕೇಳಿದ್ದು ಕೇಳಿಸ್ತು. ಕೈ ಹಿಂದಕ್ಕೆ ಬರ್ಲಿಲ್ಲ." ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟರು.

ಶೀನಣ್ಣ ಡಬ್ಬಿಯತ್ತ ಕೈ ಚಾಚುವುದಕ್ಕೂ ದ್ವಾರದಲ್ಲಿ ಪಾರ್ವತಮ್ಮ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. "ಮುಟ್ಬೇಡ ಶೀನ," ಅಂದರು ಆಕೆ.

"ಅಮ್ಮ, ನಮ್ಮದಲ್ವಾ ಅದು?"

"ಆಗಿತ್ತು. ಸೊಸೆ ಇಲ್ದೆ ಅದು ಒಬ್ಬಂಟಿಯಾಗಿ ಈ ಮನೆ ದೇವರ ಪೆಟ್ಟಿಗೆಗೆ ಬರೋ ಹಾಗಿಲ್ಲ. ನಮ್ಮ ಮಾವನೋರು ಅದನ್ನ ಮಾತು ಅಂತ ಕೊಟ್ಟಿದ್ದು. ಮಾತು ಮುರಿದು ವಾಪಸು ಬಂದದ್ದನ್ನ ನಾನು ದಿನಾ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡ್ಲಾ?" ಮುದುಕಿ ಗೋಡೆ ಹಿಡಿದುಕೊಂಡು ಬದರೀನಾರಾಯಣರ ಕಡೆ ತಿರುಗಿದರು. ಕೋಪವಿರಲಿಲ್ಲ, ಅದೇ ಕಷ್ಟವಾಗಿದ್ದು. "ನೀವೇ ಇಟ್ಕೊಳ್ಳಿ. ಎಷ್ಟು ವರ್ಷದಿಂದ ಕೇಳ್ತಿದ್ರಿ, ಪಾಪ. ಆತ್ರೇಯನಿಗೆ ಬೇರೆ ಹುಡುಗಿ ಗೊತ್ತಾದಾಗ ಒಂದು ರೂಪಾಯಿ ಇಟ್ರಾಯ್ತು. ಈಗ ಚಿಲ್ಲರೆಗೇನು ಬರ ಇಲ್ವಲ್ಲ."

"ಅಮ್ಮ, ದಯವಿಟ್ಟು, ನಾನಿದನ್ನ ಹೇಗೆ..." ಅಂದರು ಬದರೀನಾರಾಯಣರು.

"ನಿಮ್ಮ ಮಗೂಗೆ ಏನೂ ಅನ್ಬೇಡಿ," ಅಂದು ಪಾರ್ವತಮ್ಮ ಒಳಗೆ ಹೋದರು.

ಶೀನಣ್ಣ ಎದ್ದು ನಿಂತರು. ಡಬ್ಬಿಯನ್ನು ಬದರೀನಾರಾಯಣರೇ ಎತ್ತಿಕೊಳ್ಳಬೇಕಾಯಿತು, ಎತ್ತಿಕೊಂಡರು. ಬಾಗಿಲು ಹಿಂದೆ ಮುಚ್ಚಿತು.

ಬೀದಿಗೆ ಇಳಿದ ಮೊದಲ ಹೆಜ್ಜೆಯಲ್ಲೇ ಅದು ಬಂತು. ಅಂಗಾಲಿನಿಂದ ಎದೆಯವರೆಗೆ, ತಡೆಯಲಾರದ ಹಾಗೆ, ಸಂತೋಷ. ಬಿಲ್ಲೆ ನನ್ನದು. ಇನ್ನು ಯಾರೂ ಕೇಳುವವರಿಲ್ಲ, ಯಾವ ಸೊಸೆಯ ಸೆರಗಿನಲ್ಲೂ ಹೋಗುವಂತಿಲ್ಲ, ಇದು ನನ್ನದು. ಒಂದು ಅಂಗಡಿ ದಾಟುವಷ್ಟು ದೂರ ಬದರೀನಾರಾಯಣರು ಹಾಗೇ ಹಗುರಾಗಿ ನಡೆದರು. ಆಮೇಲೆ ನಾಚಿಕೆ ಬಂದು ಅವರ ಕಾಲನ್ನು ಹಿಡಿಯಿತು. ಮಗಳು ಬೇಡವೆಂದದ್ದರಿಂದಲೇ ಇದು ಅವರಿಗೆ ದಕ್ಕಿತ್ತು. ಅವಳು ಒಪ್ಪಿದ್ದರೆ ದಕ್ಕುತ್ತಿರಲಿಲ್ಲ. ಒಂದು ದೇವಸ್ಥಾನದ ಹುಂಡಿಯ ಮುಂದೆ ನಿಂತರು. ಡಬ್ಬಿ ಜೇಬಿನಿಂದ ಹೊರಗೆ ಬಂತು. ಹುಂಡಿಗೆ ಹಾಕಿದರೆ ಎಣಿಸುವವರು ಇದನ್ನು ಕಸವೆಂದು ಬಿಸಾಡುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡರು. ಅದೂ ನಿಜವೇ. ಡಬ್ಬಿ ಜೇಬಿಗೆ ಹೋಯಿತು.

ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಭಯ. 'ಕೊಟ್ಟೆ, ಅವರು ತಗೊಳ್ಳಲಿಲ್ಲ' ಅಂದರೆ ಯಾರು ನಂಬುತ್ತಾರೆ? ಕೊಡಲು ಮನಸ್ಸಿಲ್ಲದವನು ಹೇಳುವುದೂ ಇದೇ ಮಾತನ್ನು. ಕೊಟ್ಟೆ ಎಂದು ಸುಳ್ಳು ಹೇಳಿ ಬಚ್ಚಿಟ್ಟರೆ ಮಗಳ ಮುಂದೆ ಗೆದ್ದ ಹಾಗೆ, ಆದರೆ ಆಮೇಲೆ ಬೀರು ತೆಗೆಯುವಾಗೆಲ್ಲ ಕಳ್ಳನೇ. ಮನೆ ಬರುವವರೆಗೆ ಈ ಎರಡರ ನಡುವೆ ಒದ್ದಾಡಿದರು.

ಮೈತ್ರೇಯಿ ರಜೆ ಹಾಕಿ ಮನೆಯಲ್ಲೇ ಇದ್ದಳು. ಅವಳ ಮುಖ ಕಂಡೊಡನೆ ಸುಳ್ಳು ಹೇಳುವ ಶಕ್ತಿ ಹೊರಟುಹೋಯಿತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು: ಶೀನಣ್ಣನ ಮಾತು, ಪಾರ್ವತಮ್ಮನ ಮಾತು, ಹುಂಡಿಯ ಮುಂದೆ ನಿಂತದ್ದು, ಎಲ್ಲ. "ಟೀಪಾಯಿ ಮೇಲೆ ಇಟ್ಟೆ ಕಣೇ. ನಿನ್ನಾಣೆ. ಅವರೇ ತಗೊಳ್ಳಲಿಲ್ಲ. ಬೇಕಾದ್ರೆ ಫೋನ್ ಮಾಡಿ ಕೇಳು."

"ಕೇಳೋದೇನೂ ಬೇಡ. ನಂಬ್ತೀನಿ ಅಪ್ಪ," ಅಂದಳು ಮೈತ್ರೇಯಿ.

ಎಷ್ಟೋ ದಿನಗಳಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಉಸಿರನ್ನು ಬದರೀನಾರಾಯಣರು ಪೂರ್ತಿ ಹೊರಗೆ ಬಿಟ್ಟರು. ಕುರ್ಚಿ ಎಳೆದುಕೊಂಡು ಕೂತರು.

"ಒಂದೇ ಒಂದು ಹೇಳಿ," ಅಂದಳು ಅವಳು. "ಆ ಅಜ್ಜಿ ನೀವೇ ಇಟ್ಕೊಳ್ಳಿ ಅಂದಾಗ ನಿಮಗೆ ಸಂತೋಷ ಆಯ್ತಾ?"

ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಚಿಕ್ಕವಳಿದ್ದಾಗ ಲೆಕ್ಕ ಬಿಡಿಸಿ ಸರಿಯೋ ತಪ್ಪೋ ಎಂದು ಕೇಳುತ್ತಿದ್ದ ದನಿಯೇ ಅದು. ಇಲ್ಲ ಅಂದುಬಿಟ್ಟರೆ ಅವಳು ಅದನ್ನೂ ನಂಬುತ್ತಿದ್ದಳು, ಅದು ಅವರಿಗೆ ಗೊತ್ತಿತ್ತು. ಬಾಯಿಯವರೆಗೆ ಬಂದ 'ಇಲ್ಲ' ಅಲ್ಲೇ ಉಳಿಯಿತು.

"ಆಯ್ತು," ಅಂದರು ಬದರೀನಾರಾಯಣರು.

ಮೈತ್ರೇಯಿ ತಲೆಯಾಡಿಸಿದಳು. ಎದ್ದು ಒಳಗೆ ಹೋಗಿ ತಟ್ಟೆ ಹಾಕಿ, ನೀರಿಟ್ಟು, ಊಟಕ್ಕೆ ಕರೆದಳು. ಅವರು ಕೈಕಾಲು ತೊಳೆದು ಬಂದು ಕೂತರು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಸೌಟು ಹಿಡಿದುಕೊಂಡೇ ಪಕ್ಕದಲ್ಲಿ ನಿಂತಳು. ಆಮೇಲೆ ಹೊರಗಿನವರನ್ನು ಉಪಚಾರ ಮಾಡುವ ಹಾಗೆ ನಯವಾಗಿ ಕೇಳಿದಳು:

"ಸಂಕೋಚ ಮಾಡ್ಕೋಬೇಡಿ, ಇನ್ನೊಂಚೂರು ಹಾಕ್ಲಾ?"